ಸಮವಸ್ತ್ರವನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಬೇಡಿ, ಬಾಳಿಕೆಯ ಲೆಕ್ಕದಲ್ಲಿ ಕೊಳ್ಳಿ: ಶಾಲಾ ಶಿಕ್ಷಣ ಇಲಾಖೆ ಮತ್ತು ಕೈಮಗ್ಗ–ಜವಳಿ ಇಲಾಖೆಗೆ ಬಹಿರಂಗ ಪತ್ರ

ಮಾನ್ಯರೇ,

ಮುಂದಿನ ಶೈಕ್ಷಣಿಕ ವರ್ಷದ ಸಮವಸ್ತ್ರಕ್ಕೆ ಟೆಂಡರ್ ದಾಖಲೆ ಸಿದ್ಧವಾಗುವ ಮುನ್ನ ಈ ಪತ್ರ ನಿಮ್ಮ ಕೈಸೇರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇವೆ. ನೂಲು, ಮಗ್ಗ, ಬಣ್ಣದ ತೊಟ್ಟಿ, ಹೊಲಿಗೆ ಯಂತ್ರ ಇವುಗಳ ಕೆಲಸ ಬಲ್ಲವರು ನಾವು. ಯಾವ ಸರಬರಾಜುದಾರರ ಮೇಲೂ ದೂರು ಹೊರಿಸುವ ಉದ್ದೇಶ ನಮಗಿಲ್ಲ. ಕೇಳುತ್ತಿರುವುದು ಒಂದೇ ಮಾತು: ಸರ್ಕಾರಿ ಶಾಲೆಯ ಮಗುವಿನ ಬಟ್ಟೆಯನ್ನು ಮೀಟರಿಗೆ ಎಷ್ಟು ರೂಪಾಯಿ ಎಂದು ನೋಡಿ ಕೊಳ್ಳುವುದನ್ನು ನಿಲ್ಲಿಸಿ, ಮಗು ಅದನ್ನು ಎಷ್ಟು ದಿನ ತೊಡಬಲ್ಲದು ಎಂದು ನೋಡಿ ಕೊಳ್ಳಿ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಎರಡು ಜೊತೆ ಬಟ್ಟೆಯಿದ್ದರೆ ಒಂದೊಂದರ ಪಾಲಿಗೆ 100ರಿಂದ 110 ದಿನ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ಸಲ ಅದು ಒಗೆಯುವ ಕಲ್ಲಿನ ಮೇಲೂ ಬೀಳುತ್ತದೆ. ಮನೆಯ ಬೇರೆ ಯಾವ ಉಡುಪೂ ಇಷ್ಟು ದುಡಿಯುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಎರಡು ಜೊತೆಗೆ 600 ರೂಪಾಯಿ, ಅಂದರೆ ಜೊತೆಗೆ 300. ಆ ಜೊತೆ 110 ದಿನ ಬಾಳಿದರೆ ದಿನದ ಖರ್ಚು 2 ರೂಪಾಯಿ 70 ಪೈಸೆಯ ಆಸುಪಾಸು. ದಸರಾ ರಜೆಯ ಹೊತ್ತಿಗೆ ಮಂಡಿ ಹರಿದು 50 ದಿನಕ್ಕೆ ಮುಗಿದರೆ ದಿನಕ್ಕೆ 6 ರೂಪಾಯಿ. ಜೊತೆಗೆ 380 ರೂಪಾಯಿ ಕೊಟ್ಟು ಅದು ಎರಡು ವರ್ಷ, 220 ದಿನ ಬಾಳಿದರೆ 1 ರೂಪಾಯಿ 70 ಪೈಸೆ. ಟೆಂಡರಿನ ಕಡತದಲ್ಲಿ ಮೂರನೆಯ ಬಟ್ಟೆ ದುಬಾರಿಯದೆಂದು ಕಾಣುತ್ತದೆ, ಮಗುವಿನ ಮೈಮೇಲೆ ಅದೇ ಅಗ್ಗ. 50 ದಿನಕ್ಕೆ ಹರಿದ ಬಟ್ಟೆಯ ಉಳಿದ ವೆಚ್ಚ ಸರ್ಕಾರದ ಲೆಕ್ಕಕ್ಕೆ ಬರುವುದೇ ಇಲ್ಲ. ಸಂತೆಯಲ್ಲಿ ಇನ್ನೊಂದು ಚಡ್ಡಿ ಕೊಳ್ಳುವ ಅಪ್ಪ ಅಮ್ಮ ಅದನ್ನು ಭರಿಸುತ್ತಾರೆ.

ಶಾಲಾ ಬಟ್ಟೆ ಎಲ್ಲೆಲ್ಲಿ ಹರಿಯುತ್ತದೆ ಎಂಬುದು ಗುಟ್ಟಿನ ವಿಷಯವೇನಲ್ಲ. ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ನೆಲದ ಮೇಲೆ ಕೂತು, ಜರುಗಿ, ಮಂಡಿಯೂರಿ ಕಲಿಯುತ್ತಾರೆ. ಒರಟು ಸಿಮೆಂಟು ನೆಲ ಉಜ್ಜುಕಾಗದದ ಹಾಗೆ ಬಟ್ಟೆಯ ಕೂರುವ ಭಾಗವನ್ನೂ ಮಂಡಿಯನ್ನೂ ತಿನ್ನುತ್ತದೆ. ಎರಡು ಕಾಲು ಕೂಡುವ ಕವಲಿನಲ್ಲಿ ಮಾತ್ರ ಬಟ್ಟೆಗಿಂತ ಮೊದಲು ಹೊಲಿಗೆ ಬಿಡುತ್ತದೆ. ಅಂಗಿ ಸವೆಯುವುದು ಹೆಗಲಲ್ಲಿ, ಪುಸ್ತಕದ ಚೀಲದ ಪಟ್ಟಿ ಉಜ್ಜುವ ಜಾಗದಲ್ಲಿ. ಆಮೇಲೆ ಕಾಲರಿನ ಮಡಿಕೆಯಲ್ಲಿ, ಜೇಬಿನ ಮೇಲಿನ ಎರಡು ಮೂಲೆಗಳಲ್ಲಿ. ಲಂಗದ ಸೊಂಟಪಟ್ಟಿಯ ಹುಕ್ಕು ಮತ್ತು ಜಿಪ್ಪು, ಚೂಡಿದಾರದ ಬಗಲು ಮತ್ತು ಪಕ್ಕದ ಸೀಳಿನ ತುದಿ ಮೊದಲು ಬಿಡುತ್ತವೆ. ನಿಯಮಾವಳಿ ಬರೆಯುವವರು ಈ ಜಾಗಗಳಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು: ಹೊಲಿಗೆಗೆ, ನೇಯ್ಗೆಗೆ, ಕೊನೆಗೆ ನೂಲಿಗೆ.

ನೂಲಿನ ವಿಷಯದಲ್ಲೇ ಅರ್ಧ ಬಾಳಿಕೆ ತೀರ್ಮಾನವಾಗುತ್ತದೆ. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟೋ ಅದೇ ಅದರ ಕೌಂಟ್; ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ. 15 ಕೌಂಟಿನ ಒಂಟಿ ಎಳೆ ಮತ್ತು 30 ಕೌಂಟಿನ ಎರಡು ಎಳೆಗಳನ್ನು ಹುರಿ ಮಾಡಿದ 2/30, ಇವೆರಡರ ದಪ್ಪ ಒಂದೇ, ಬಟ್ಟೆಯ ತೂಕವೂ ಒಂದೇ. ಆದರೆ ಒಂಟಿ ನೂಲಿನಲ್ಲಿ ಅಲ್ಲಲ್ಲಿ ತೆಳುವಾದ, ಬಲ ಕಡಿಮೆಯಾದ ಜಾಗಗಳು ಇದ್ದೇ ಇರುತ್ತವೆ. ಹರಿಯುವುದು ಅಲ್ಲಿಂದ ಶುರು. ಹುರಿ ನೂಲಿನಲ್ಲಿ ಒಂದು ಎಳೆ ತೆಳುವಾದ ಕಡೆ ಇನ್ನೊಂದು ಆಸರೆಯಾಗುತ್ತದೆ; ಒಂಟಿ ಎಳೆಯ ತಿರುವಿಗೆ ವಿರುದ್ಧ ದಿಕ್ಕಿನಲ್ಲಿ ಹುರಿ ಕೊಡುವುದರಿಂದ ಹೊರಚಾಚಿದ ನಾರುಗಳೂ ಒಳಗೆ ಕಟ್ಟಿಕೊಳ್ಳುತ್ತವೆ. ಬಟ್ಟೆಯ ಮೇಲೆ ಏಳುವ ಸಣ್ಣ ಉಂಡೆಗಳು ಕಡಿಮೆಯಾಗುವುದು ಇದರಿಂದಲೇ. ಹುರಿ ಮಾಡುವ ಖರ್ಚು ಹೆಚ್ಚು, ಆದ್ದರಿಂದ ಕನಿಷ್ಠ ದರದ ಪೈಪೋಟಿಯಲ್ಲಿ ಮೊದಲು ಕೈಬಿಡುವುದೂ ಇದನ್ನೇ. ಪ್ಯಾಂಟು, ಚಡ್ಡಿ, ಲಂಗದಂಥ ಕೆಳಉಡುಪಿಗೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡರಲ್ಲೂ ಹುರಿ ನೂಲೇ ಇರಬೇಕೆಂದು ದಾಖಲೆಯಲ್ಲಿ ಬರೆಯಿರಿ.

ಅಂಕಿಗಳಲ್ಲಿ ಹೇಳುವುದಾದರೆ, ಅಂಗಿಗೆ 2/60 ನೂಲು, ಇಂಚಿಗೆ ಹಾಸಿನ 72 ಎಳೆ, ಹೊಕ್ಕಿನ 60 ಎಳೆ, ಸಾದಾ ನೇಯ್ಗೆ. ಚದರ ಮೀಟರಿಗೆ ಸುಮಾರು 110 ಗ್ರಾಂ ಬರುತ್ತದೆ. ಪ್ಯಾಂಟು, ಚಡ್ಡಿ, ಲಂಗಕ್ಕೆ 2/30 ನೂಲು, ಇಂಚಿಗೆ 68 ಮತ್ತು 48 ಎಳೆ, ಓರೆಗೆರೆ ಕಾಣುವ ಡ್ರಿಲ್ ನೇಯ್ಗೆ. ಸುಮಾರು 190 ಗ್ರಾಂ. ಈ ತೂಕವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಹಾಸಿನ ಎಳೆಗಳನ್ನು ಅದರ ಕೌಂಟಿನಿಂದ ಭಾಗಿಸಿ, ಹೊಕ್ಕಿನ ಎಳೆಗಳನ್ನು ಅದರ ಕೌಂಟಿನಿಂದ ಭಾಗಿಸಿ, ಎರಡನ್ನೂ ಕೂಡಿ 25ರಿಂದ ಗುಣಿಸಿ. 2/30 ನೂಲಿನ ನಿಜವಾದ ಕೌಂಟ್ 15 ಎಂಬುದನ್ನು ನೆನಪಿಡಬೇಕು. 68 ಮತ್ತು 48 ಸೇರಿ 116, ಭಾಗಿಸು 15, ಗುಣಿಸು 25: ಸುಮಾರು 193. ಬಂದ ಬಟ್ಟೆಯಲ್ಲಿ 10 ಸೆಂ.ಮೀ. ಚೌಕದ ತುಂಡು ಕತ್ತರಿಸಿ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿ 100ರಿಂದ ಗುಣಿಸಿದರೆ ಚದರ ಮೀಟರಿನ ತೂಕ ಸಿಗುತ್ತದೆ. ಎಳೆ ಎಣಿಸಲು ಒಂದು ಇಂಚಿನ ಎಣಿಕೆ ಮಸೂರ ಸಾಕು.

ಲೆಕ್ಕದ ತೂಕಕ್ಕಿಂತ ತಕ್ಕಡಿಯ ತೂಕ ತೀರ ಹೆಚ್ಚಾದರೆ ಖುಷಿಪಡಬೇಡಿ. ಅದು ಗಂಜಿ ಇರಬಹುದು. ತೆಳು ನೇಯ್ಗೆಯ ಬಟ್ಟೆಗೆ ಗಂಜಿ, ಕೆಲವೊಮ್ಮೆ ಬಿಳಿ ಜೇಡಿಯ ಪುಡಿ ತುಂಬಿ ಇಸ್ತ್ರಿ ಮಾಡಿದರೆ ಕೈಗೆ ದಪ್ಪ, ಗಟ್ಟಿ ಅನ್ನಿಸುತ್ತದೆ. ಮೂರನೆಯ ಒಗೆತಕ್ಕೆ ಅದೆಲ್ಲ ನೀರಿಗೆ ಹೋಗಿ, ಒಳಗಿದ್ದ ಜಾಳು ಬಟ್ಟೆ ಹೊರಬೀಳುತ್ತದೆ. ತುಂಡನ್ನು ತೂಗಿ, ಬಿಸಿ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ತೂಗಿ. ಶೇ. 5ಕ್ಕಿಂತ ಹೆಚ್ಚು ಇಳಿದರೆ ಹಾಗೆ ಇಳಿದದ್ದು ನೂಲಿನ ತೂಕವಲ್ಲ. ಬಿಳಿ ಅಥವಾ ತಿಳಿಬಣ್ಣದ ಬಟ್ಟೆಯಾದರೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿದರೂ ಸಾಕು, ಗಂಜಿ ಇದ್ದ ಕಡೆ ನೀಲಿಗಪ್ಪು ಬಣ್ಣ ಏಳುತ್ತದೆ. ಹಾಗಾಗಿ ನಿಯಮದಲ್ಲಿ "ತೂಕ" ಎಂದಷ್ಟೇ ಬರೆದರೆ ಸಾಲದು, "ಗಂಜಿ ತೆಗೆದ ಮೇಲಿನ ತೂಕ" ಎಂದು ಬರೆಯಬೇಕು.

ಹತ್ತಿಯೋ ಪಾಲಿಯೆಸ್ಟರೋ ಎಂಬ ಪ್ರಶ್ನೆಗೆ ಯಾವುದೋ ಒಂದನ್ನೇ ಆರಿಸುವ ಉತ್ತರ ಸಲ್ಲದು. ಪೂರ್ತಿ ಹತ್ತಿಯೇ ಆಗಲಿ ಎಂದು ನಾವು ಹೇಳುವುದಿಲ್ಲ. ಮಲೆನಾಡಿನ ಜುಲೈನಲ್ಲಿ ದಪ್ಪ ಹತ್ತಿಯ ಪ್ಯಾಂಟು ಎರಡು ದಿನವಾದರೂ ಒಣಗುವುದಿಲ್ಲ. ಒದ್ದೆಯಾಗಿ ಬಿದ್ದ ಹತ್ತಿಗೆ ಬೂಷ್ಟು ಹಿಡಿದು ನಾರೇ ಕೊಳೆಯುತ್ತದೆ. ಅದೇ ರಾಯಚೂರು, ಕಲಬುರಗಿಯ ಮಾರ್ಚ್ ತಿಂಗಳಲ್ಲಿ 67 ಪಾಲು ಪಾಲಿಯೆಸ್ಟರ್ ಇರುವ ಅಂಗಿ ಬೆವರು ಹೀರದೆ ಮಗುವಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅಂಗಿ, ಕಮೀಜಿಗೆ ಹತ್ತಿ 60, ಪಾಲಿಯೆಸ್ಟರ್ 40. ಉಜ್ಜಾಟ ಹೆಚ್ಚಿರುವ ಕೆಳಉಡುಪಿಗೆ ಪಾಲಿಯೆಸ್ಟರ್ 65, ಹತ್ತಿ 35. ಇಷ್ಟು ಸರಿಯಾದ ಹಂಚಿಕೆ. ಮಿಶ್ರಣದ ಬಟ್ಟೆಗೂ ಅದರದೇ ಕಾಯಿಲೆಯಿದೆ. ಉಜ್ಜಿದಾಗ ಎದ್ದ ಹತ್ತಿಯ ಉಂಡೆ ಬೇಗ ಉದುರಿಹೋಗುತ್ತದೆ. ಪಾಲಿಯೆಸ್ಟರ್ ನಾರು ಗಟ್ಟಿಯಾದ್ದರಿಂದ ಉಂಡೆಯನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಬಟ್ಟೆ ಹರಿಯದಿದ್ದರೂ ಹಳೆಯದಾಗಿ ಕಾಣುತ್ತದೆ. ಹುರಿ ನೂಲು ಬೇಕೆನ್ನಲು ಇದೂ ಒಂದು ಕಾರಣ.

ಇನ್ನು ಬಣ್ಣ. ಹತ್ತಿಗೆ ಅಗ್ಗದ ಡೈರೆಕ್ಟ್ ಬಣ್ಣ ಹಾಕಿದರೆ ಪ್ರತಿ ಒಗೆತಕ್ಕೂ ಬಿಡುತ್ತದೆ, ಜೊತೆಗಿದ್ದ ಬಿಳಿ ಅಂಗಿಯನ್ನೂ ಕೆಡಿಸುತ್ತದೆ. ರಿಯಾಕ್ಟಿವ್ ಬಣ್ಣ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಆದರೆ ಒಂದು ಪಾಲು ಬೆಸೆಯದೆ ಸುಮ್ಮನೆ ಉಳಿದಿರುತ್ತದೆ. ಕುದಿಯುವ ಸೋಪಿನ ನೀರಿನಲ್ಲಿ ಅದನ್ನು ತೊಳೆದು ತೆಗೆಯಬೇಕು. ನೀರು, ಉಗಿ, ಸಮಯ ಉಳಿಸಲು ಈ ತೊಳೆತವನ್ನು ಮೊಟಕು ಮಾಡಿದರೆ ಒಳ್ಳೆಯ ಬಣ್ಣಕ್ಕೂ ಕೆಟ್ಟ ಹೆಸರು. ನೀಲಿ, ಖಾಕಿಗೆ ವ್ಯಾಟ್ ಬಣ್ಣ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಹೆಚ್ಚು. ಸಲ್ಫರ್ ಕಪ್ಪು ಬೇಡವೇ ಬೇಡ: ಸರಿಯಾಗಿ ಮುಗಿಸದ ಸಲ್ಫರ್ ಬಣ್ಣದ ಹತ್ತಿ ಬಟ್ಟೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದರೆ ಒಳಗೇ ಆಮ್ಲ ಹುಟ್ಟಿ ನೂಲು ಮಿದುವಾಗಿ, ಎಳೆದರೆ ಕಿತ್ತುಬರುತ್ತದೆ. ಮಿಶ್ರಣದ ಬಟ್ಟೆಯಲ್ಲಿ ಪಾಲಿಯೆಸ್ಟರಿಗೆ ಡಿಸ್ಪರ್ಸ್, ಹತ್ತಿಗೆ ರಿಯಾಕ್ಟಿವ್ ಅಥವಾ ವ್ಯಾಟ್, ಹೀಗೆ ಎರಡು ಬಗೆಯ ಬಣ್ಣ ಬೇಕು. ಹತ್ತಿಯ ಕಡೆ ಮೋಸವಾದರೆ ಪಾಲಿಯೆಸ್ಟರ್ ಕಡುಬಣ್ಣವಾಗಿಯೇ ಉಳಿದು ಹತ್ತಿ ಮಾತ್ರ ಬೆಳ್ಳಗಾಗಿ, ಬೂದಿ ಚೆಲ್ಲಿದಂಥ ಮಾಸಲು ಮಚ್ಚೆ ಬರುತ್ತದೆ. ಒಗೆತದ ಬಣ್ಣಗಟ್ಟಿತನ 5ರಲ್ಲಿ ಕನಿಷ್ಠ 4, ಬಿಸಿಲಿನದು 8ರಲ್ಲಿ ಕನಿಷ್ಠ 5, ಒಣಗಿದಾಗ ಉಜ್ಜಿದರೆ 4, ಒದ್ದೆಯಲ್ಲಿ 3 ಎಂದು ನಮೂದಿಸಿ.

ಬಣ್ಣಕ್ಕೂ ಬಾಳಿಕೆಗೂ ನೇರ ಸಂಬಂಧ ಎಲ್ಲಿದೆ ಎಂಬುದು ಪ್ಯಾಂಟಿನ ಮಡಿಕೆ ಬಿಚ್ಚಿದಾಗ ತಿಳಿಯುತ್ತದೆ. ಆರರಿಂದ ಹತ್ತು ವರ್ಷದ ಮಗು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಎತ್ತರ ಬೆಳೆಯುತ್ತದೆ, ಅದರಲ್ಲಿ ಸರಿಸುಮಾರು 3 ಸೆಂ.ಮೀ. ಕಾಲಿನ ಪಾಲು. ಕೆಳಮಡಿಕೆಯನ್ನು ಸಾಮಾನ್ಯವಾಗಿ ಬಿಡುವ 2–3 ಸೆಂ.ಮೀ. ಬದಲು 7 ಸೆಂ.ಮೀ. ಬಿಟ್ಟು ಹೊಲಿದರೆ ಎರಡು ವರ್ಷಕ್ಕೆ ಉದ್ದ ಸಿಗುತ್ತದೆ. ಅಗಲ ಪನ್ನದ ಬಟ್ಟೆಯಲ್ಲಿ ಎರಡೂ ಕಾಲನ್ನು ಅಕ್ಕಪಕ್ಕ ಕತ್ತರಿಸಿದರೆ ಇದಕ್ಕೆ ತಗಲುವ ಹೆಚ್ಚುವರಿ ಬಟ್ಟೆ ಐದೇ ಸೆಂಟಿಮೀಟರ್ ಉದ್ದ. ಆದರೆ ಮಡಿಕೆಯೊಳಗೆ ಬಿಸಿಲು ಕಾಣದೆ ಉಳಿದ ಬಟ್ಟೆ ಕಡುನೀಲಿ, ಹೊರಗಿನದು ಮಾಸಲು ನೀಲಿ ಆಗಿದ್ದರೆ ಬಿಚ್ಚಿದ ಕೂಡಲೇ ಪಟ್ಟೆ ಎದ್ದು ಕಾಣುತ್ತದೆ. ಅಂಥದ್ದನ್ನು ಹಾಕಿಕೊಂಡು ಹೋಗಲು ಮಗುವಿಗೆ ನಾಚಿಕೆ. ಬಟ್ಟೆ ಗಟ್ಟಿಯಿದ್ದೂ ಪೆಟ್ಟಿಗೆ ಸೇರುತ್ತದೆ. ಕುಗ್ಗುವಿಕೆಯೂ ಹೀಗೆಯೇ ಕದಿಯುತ್ತದೆ: 80 ಸೆಂ.ಮೀ. ಪ್ಯಾಂಟು ಶೇ. 3 ಕುಗ್ಗಿದರೆ 2.4 ಸೆಂ.ಮೀ. ಹೋಯಿತು, ಮಗುವಿನ ಕಾಲಿನ ಹತ್ತಿರ ಹತ್ತಿರ ಒಂದು ವರ್ಷದ ಬೆಳವಣಿಗೆಗೆ ಅದು ಸಮ. ಕೆಳಉಡುಪಿನ ಬಟ್ಟೆಗೆ ಮಿತಿ ಶೇ. 2 ಇರಲಿ. ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಗುರುತು ಮಾಡಿ, ಒಗೆದು, ಚಪ್ಪಟೆಯಾಗಿ ಒಣಗಿಸಿ ಮತ್ತೆ ಅಳೆದಾಗ ಯಾವ ಬದಿಯೂ 49 ಸೆಂ.ಮೀ.ಗಿಂತ ಕಡಿಮೆ ಬರಬಾರದು. ಹೊಲಿಯದ ಬಟ್ಟೆಯನ್ನೇ ಮನೆಗೆ ಕೊಡುವ ವರ್ಷಗಳಲ್ಲಿ, ಕತ್ತರಿಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಲು ಪೋಷಕರಿಗೆ ಚೀಟಿಯಲ್ಲಿ ತಿಳಿಸಿ.

ಹೊಲಿಗೆಯ ನಿಯಮಗಳನ್ನು ಯಾರೂ ಬರೆಯುವುದಿಲ್ಲ, ಬರೆದರೂ "ಉತ್ತಮ ಗುಣಮಟ್ಟದ ಹೊಲಿಗೆ" ಎಂಬ ಮೂರು ಪದ. ಅದರಿಂದ ಯಾರನ್ನೂ ಹಿಡಿಯಲಾಗದು. ಅಂಗಿಗೆ ಇಂಚಿಗೆ 11–12 ಹೊಲಿಗೆ, ಪ್ಯಾಂಟಿಗೆ 9–10. ಕಡಿಮೆಯಾದರೆ ಬಾಯಿ ಬಿಡುತ್ತದೆ, ತೀರ ಹೆಚ್ಚಾದರೆ ಸೂಜಿಯ ತೂತುಗಳ ಸಾಲಿನಲ್ಲೇ ಬಟ್ಟೆ ಸೀಳುತ್ತದೆ. ದಾರ ಸ್ಪನ್ ಪಾಲಿಯೆಸ್ಟರ್, ಅಂಗಿಗೆ 120ನೇ ನಂಬರು, ಪ್ಯಾಂಟಿಗೆ 80. ಕವಲಿನ ಹೊಲಿಗೆ ಎರಡು ಸಾಲು, ಅಲ್ಲಿ ನಾಲ್ಕು ಹೊಲಿಗೆ ಸೇರುವ ಜಾಗಕ್ಕೆ ಒಳಗಿನಿಂದ ಅದೇ ಬಟ್ಟೆಯ ಅಂಗೈಯಗಲದ ತುಂಡು. ಜೇಬಿನ ಮೂಲೆ, ಜಿಪ್ಪಿನ ಬುಡ, ಸೀಳಿನ ತುದಿಗೆ ಬಾರ್‌ಟ್ಯಾಕ್ ಯಂತ್ರದ ಗಟ್ಟಿ ಹೊಲಿಗೆ. ಅಂಗಿಯ ಹೆಗಲಿಗೆ ಎರಡು ಪದರದ ಯೋಕ್ (ಹೆಗಲಪಟ್ಟಿ), ಬ್ಯಾಗಿನ ಪಟ್ಟಿ ಬೀಳುವಷ್ಟು ಅಗಲ. 1ರಿಂದ 5ನೇ ತರಗತಿಯ ಪ್ಯಾಂಟಿಗೆ ಮಂಡಿಯ ಒಳಗೆ 18 × 13 ಸೆಂ.ಮೀ. ಮೊಟ್ಟೆಯಾಕಾರದ ಜೋಡು ಬಟ್ಟೆಯನ್ನು ಹೊಸತರಲ್ಲೇ ಹೊಲಿದುಬಿಡಬೇಕು. ಹರಿದ ಮೇಲೆ ಹಾಕಿದ ತೇಪೆಗಿಂತ ಇದು ಎಷ್ಟೋ ಹೆಚ್ಚು ಬಾಳುತ್ತದೆ. ಹಿಂಬದಿಯ ನಡುಹೊಲಿಗೆಯಲ್ಲಿ ಸೊಂಟದ ಬಳಿ 2.5 ಸೆಂ.ಮೀ. ಮಾರ್ಜಿನ್ ಬಿಟ್ಟರೆ ಮಗು ಮೈತುಂಬಿದಾಗ ಬಿಚ್ಚಿ ಹಿಗ್ಗಿಸಬಹುದು. ಎಳೆ ಬಿಡದಂತೆ ಅಂಚು ಕಟ್ಟುವ ಓವರ್‌ಲಾಕ್ ಹಾಕುವಾಗ ಆ ಮಾರ್ಜಿನ್ನನ್ನೇ ಬ್ಲೇಡು ಕತ್ತರಿಸಿ ಎಸೆಯದಂತೆ ನೋಡಿಕೊಳ್ಳಬೇಕು. ಅವಸರದ ಹೊಲಿಗೆಯಲ್ಲಿ ಆಗುವ ತಪ್ಪು ಇದೇ. ಒಳಪಟ್ಟಿಗೆ ಎರಡು ಬಿಡಿ ಗುಂಡಿ ಹೊಲಿದಿರಲಿ.

ಇಷ್ಟಾದರೂ ಬಟ್ಟೆ ಎಲ್ಲೋ ಒಂದು ಕಡೆ ಬಿಟ್ಟೇ ಬಿಡುತ್ತದೆ. ದುರಸ್ತಿಯನ್ನೂ ಯೋಜನೆಯೊಳಗೆ ತರಬೇಕೆಂದು ನಾವು ಕೇಳುವುದು ಅದಕ್ಕಾಗಿ. ಪ್ರತಿ ಶಾಲೆಗೆ ಅದೇ ತಾನಿನ ಒಂದೆರಡು ಮೀಟರ್ ಬಟ್ಟೆ, ಅದೇ ಬಣ್ಣದ ದಾರ, ಗುಂಡಿ, ಹುಕ್ಕು ಕಳಿಸಿ. ಪ್ರತಿ ಶಾಲಾ ಅರ್ಧವರ್ಷಕ್ಕೆ ಒಂದು ಸಲ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಊರಿನ ಸ್ತ್ರೀಶಕ್ತಿ ಸಂಘದ ಹೊಲಿಗೆ ಬಲ್ಲವರನ್ನು ಕರೆಸಿ ಕೂಲಿ ಕೊಟ್ಟು ದುರಸ್ತಿ ಮಾಡಿಸಿ. ಬಿಟ್ಟ ಹೊಲಿಗೆಯನ್ನು ಆ ವಾರವೇ ಹಾಕಿದರೆ ಐದು ನಿಮಿಷದ ಕೆಲಸ. ಒಂದು ತಿಂಗಳು ಬಿಟ್ಟರೆ ಅಂಚಿನ ಎಳೆಗಳು ಜಾರಿ, ಹೊಲಿಯಲು ಬಟ್ಟೆಯೇ ಉಳಿದಿರುವುದಿಲ್ಲ. ಕಾಲರಿನ ಮಡಿಕೆ ಸವೆದ ಅಂಗಿಯನ್ನು ಎಸೆಯಬೇಕಾಗಿಲ್ಲ: ಕಾಲರನ್ನು ಪಟ್ಟಿಯಿಂದ ಬಿಚ್ಚಿ, ತಿರುವಿ, ಒಳಮೈ ಹೊರಗೆ ಬರುವಂತೆ ಮತ್ತೆ ಕೂರಿಸಿ ಹೊಲಿದರೆ ಇನ್ನೊಂದು ವರ್ಷ ನಡೆಯುತ್ತದೆ. ಹಳೆಯ ದರ್ಜಿಗಳಿಗೆಲ್ಲ ಗೊತ್ತಿದ್ದ ಕೆಲಸ ಇದು, ಕಲಿಸಿದರೆ ಅರ್ಧ ದಿನದಲ್ಲಿ ಬರುತ್ತದೆ.

ಪರಿಸರದ ಮಾತು ಚಿಕ್ಕದಾಗಿ ಹೇಳುತ್ತೇವೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರಿದೆ. ಮಿಶ್ರಣದ ಬಟ್ಟೆಯಲ್ಲಿ ಹತ್ತಿಯನ್ನೂ ಪಾಲಿಯೆಸ್ಟರನ್ನೂ ಮತ್ತೆ ಬೇರ್ಪಡಿಸುವುದು ಕಷ್ಟ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಹತ್ತಿ ಬಟ್ಟೆ ಕೌದಿಯಾಗಿ ಇನ್ನೊಂದು ಆಯುಸ್ಸು ಪಡೆಯುವಂತೆ ಇದಕ್ಕೆ ಸುಲಭದ ಮುಂದಿನ ದಾರಿಯಿಲ್ಲ. ಎರಡು ವರ್ಷ ತೊಡುವ ಬಟ್ಟೆ ಅರ್ಧ ನೀರು, ಅರ್ಧ ಬಣ್ಣ, ಅರ್ಧ ತ್ಯಾಜ್ಯದಲ್ಲಿ ಮುಗಿಯುತ್ತದೆ.

ಇಷ್ಟು ಕಟ್ಟುನಿಟ್ಟು ನಮ್ಮಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ಹುಬ್ಬಳ್ಳಿಯ ಬೆಂಗೇರಿಯತ್ತ ಕೈತೋರಿಸುತ್ತೇವೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲು, ಎಳೆಗಳ ಎಣಿಕೆ, ತೂಕ, ಬಲ, ಬಣ್ಣದ ಛಾಯೆ, ಬಣ್ಣಗಟ್ಟಿತನ, ಹೊಲಿಗೆ ಎಲ್ಲವೂ ಭಾರತೀಯ ಮಾನಕ ಬ್ಯೂರೋದ ನಿಯಮಕ್ಕೆ ತಾಳೆಯಾಗಬೇಕು. ಆ ಬಟ್ಟೆಯನ್ನು ನೇಯುವವರು ಬಾಗಲಕೋಟೆ ಸೀಮೆಯ ಹಳ್ಳಿಯವರು. ನಿಯಮ ಸ್ಪಷ್ಟವಾಗಿದ್ದು, ಅದಕ್ಕೆ ತಕ್ಕ ಕೂಲಿಯಿದ್ದರೆ ನಮ್ಮ ಮಗ್ಗಗಳಿಂದ ಎಂಥ ಬಟ್ಟೆ ಬರಬಲ್ಲದು ಎಂಬುದು ಅಲ್ಲಿ ಕಾಣುತ್ತದೆ.

ಕೂಲಿಯ ಮಾತನ್ನು ಒತ್ತಿ ಹೇಳಬೇಕು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆ ನೇಯುತ್ತ ಬಂದವರು. ಮೀಟರಿಗೆ ಇಂತಿಷ್ಟು ಎಂದು ಕೂಲಿ ಕೊಟ್ಟರೆ ಇಂಚಿಗೆ 48 ಸಲ ಲಾಳಿ ಹಾಯಿಸಿದವರು, 42ಕ್ಕೇ ನಿಲ್ಲಿಸಿದವರಿಗಿಂತ ಕಡಿಮೆ ಗಳಿಸುತ್ತಾರೆ. ಜಾಳು ನೇಯ್ಗೆಗೆ ಬಹುಮಾನ ಕೊಟ್ಟಂತಾಗುತ್ತದೆ. ಕೂಲಿಯನ್ನು ಹೊಕ್ಕಿನ ಎಣಿಕೆಗೆ ಕಟ್ಟಿ. ನಿಯಮ ಬಿಗಿ ಮಾಡಿದ ದಿನವೇ ಕೂಲಿಯೂ ಏರಲಿ.

ಖರೀದಿಗೆ ಕಾನೂನಿನ ಅಡ್ಡಿಯಿಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ನಮ್ಮ 1999ರ ಅಧಿನಿಯಮ, ಟೆಂಡರ್ ದಾಖಲೆಯಲ್ಲಿ ನಮೂದಿಸಿದ, ಅಳೆಯಬಹುದಾದ ಅಂಶಗಳ ಆಧಾರದ ಮೇಲೆ ಟೆಂಡರ್ ಒಪ್ಪಲು ಅವಕಾಶ ಕೊಡುತ್ತದೆ. ಹುರಿ ನೂಲು, ಗಂಜಿ ತೆಗೆದ ತೂಕ, ಬಟ್ಟೆಯನ್ನು ಉಜ್ಜಿ ಸವೆತ ಅಳೆಯುವ ಮಾರ್ಟಿನ್‌ಡೇಲ್ ಯಂತ್ರದಲ್ಲಿ ಕೆಳಉಡುಪಿನ ಬಟ್ಟೆ 20,000 ಉಜ್ಜು ತಾಳುವುದು, 50 ಒಗೆತದ ನಂತರದ ಬಣ್ಣ ಮತ್ತು ಅಳತೆ: ಇವೆಲ್ಲ ಅಳೆಯಬಹುದಾದವೇ. ಪರೀಕ್ಷೆಗೆ ಸರಬರಾಜುದಾರರು ತಂದ ತುಂಡು ಬೇಡ. ತಾಲೂಕು ಗೋದಾಮಿಗೆ ಬಂದ ಮೂಟೆಗಳಿಂದ ಯಾದೃಚ್ಛಿಕವಾಗಿ ಆಯ್ದು, ಮೂರು ತುಂಡು ಮಾಡಿ ಮೊಹರು ಹಾಕಿ, ಒಂದನ್ನು ಕೇಂದ್ರ ಜವಳಿ ಸಚಿವಾಲಯದ ಟೆಕ್ಸ್‌ಟೈಲ್ಸ್ ಕಮಿಟಿಯ ಬೆಂಗಳೂರಿನ ಪ್ರಯೋಗಾಲಯಕ್ಕೆ, ಒಂದನ್ನು ಸರಬರಾಜುದಾರರಿಗೆ, ಇನ್ನೊಂದನ್ನು ಇಲಾಖೆಯಲ್ಲಿ ಇಡಿ. ಬಿಲ್ಲಿನ ಶೇ. 10ನ್ನು ಶಾಲಾ ವರ್ಷದ ನಡುವಿನವರೆಗೆ ತಡೆಹಿಡಿದು, ಮಕ್ಕಳು ತೊಟ್ಟ ಬಟ್ಟೆಯನ್ನೇ ಕೆಲವು ಶಾಲೆಗಳಲ್ಲಿ ನೋಡಿದ ಮೇಲೆ ಬಿಡುಗಡೆ ಮಾಡಿ.

ಮೊದಲು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಲ್ಲಿ ತಲಾ ಒಂದು ತಾಲೂಕಿನಲ್ಲಿ ಎರಡು ವರ್ಷ ಪ್ರಯೋಗ ಮಾಡಿ ನೋಡಬಹುದು. ಎರಡು ವರ್ಷಕ್ಕೆ 300 ರೂಪಾಯಿಯ ನಾಲ್ಕು ಜೊತೆಗೆ ಆಗುವ ಖರ್ಚು 1,200. 380 ರೂಪಾಯಿಯ ಮೂರು ಗಟ್ಟಿ ಜೊತೆಗೆ 1,140, ಉಳಿದ 60 ರೂಪಾಯಿ ದುರಸ್ತಿಗೆ. ಹಣ ಅಷ್ಟೇ. ಆದರೆ ವರ್ಷಕ್ಕೆ ಎರಡು ಜೊತೆ ಎಂಬ ಮಗುವಿನ ಹಕ್ಕನ್ನು ಮೊಟಕುಗೊಳಿಸಲು ಇದು ನೆಪವಾಗಬಾರದು. ಪ್ರಯೋಗದ ತಾಲೂಕುಗಳಲ್ಲೂ ಕೇಳಿದ ಮಗುವಿಗೆ ನಾಲ್ಕನೆಯ ಜೊತೆ ಸಿಗಲೇಬೇಕು.

ಕೊನೆಯದಾಗಿ ವೇಳಾಪಟ್ಟಿ. ಕೈಮಗ್ಗದಲ್ಲಿ ಒಬ್ಬ ನೇಕಾರರು ದಿನಕ್ಕೆ ಐದಾರು ಮೀಟರ್ ಬಟ್ಟೆ ಇಳಿಸಬಲ್ಲರು. ಅದಕ್ಕೆ ಮೊದಲು ನೂಲು ಹುರಿಯಾಗಬೇಕು, ಬಣ್ಣ ಹತ್ತಬೇಕು, ಹಾಸು ಹೂಡಬೇಕು. ಆಮೇಲೆ ಪರೀಕ್ಷೆ, ಹೊಲಿಗೆ, ಸಾಗಣೆ. ಬೇಡಿಕೆ ಪಟ್ಟಿ ಜನವರಿಯಲ್ಲಿ ಕೈಸೇರಿದರೆ ಜೂನ್ ಮುಟ್ಟಲು ಸೋಪಿನ ತೊಳೆತವೂ ಪರೀಕ್ಷೆಯೂ ಮೊದಲು ಬಲಿಯಾಗುತ್ತವೆ. ತರಗತಿವಾರು ಅಳತೆ ಮತ್ತು ಬೇಡಿಕೆ ಪಟ್ಟಿಯನ್ನು ಸೆಪ್ಟೆಂಬರ್ ಅಂತ್ಯದೊಳಗೆ ಅಂತಿಮಗೊಳಿಸಿ, ಬಟ್ಟೆ ಮತ್ತು ಹೊಲಿಗೆಯ ಪೂರ್ಣ ನಿಯಮಾವಳಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಮೊಹರು ಹಾಕಿದ ಮಾದರಿ ಜೊತೆಯೊಂದನ್ನು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಯಾರು ಬೇಕಾದರೂ ಮುಟ್ಟಿ ನೋಡುವಂತೆ ಇರಿಸಬೇಕೆಂದು ಕೋರುತ್ತೇವೆ.

ಇತಿ,
ನೇಯ್ಗೆ, ಬಣ್ಣಗಾರಿಕೆ ಮತ್ತು ಹೊಲಿಗೆ ಕಸುಬಿನವರು